ಆಡಿದ ಮಾತು ಮರಳಿ ಬರುವ ರಾತ್ರಿ: ಕ್ರಿಸ್ಮಸ್ ಕ್ಯಾರಲ್ ಕಾರ್ಟೂನುಗಳ ಕಥಾಸಂವಿಧಾನ

ಆಗಮನ ಕಾಲ ಬಂತೆಂದರೆ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹಲವು ಕೆಲಸಗಳು ಒಮ್ಮೆಲೇ ಕೂಡಿಬರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಮುಂಗಾರಿನ ಭತ್ತ ಕೊಯ್ಲಾಗುತ್ತದೆ. ಗೋದಲಿಗೆ ಬೇಕಾದ ಹುಲ್ಲು ಅದೇ ಗದ್ದೆಗಳಿಂದ ದೇವಾಲಯಕ್ಕೆ ಬರುತ್ತದೆ. ಬೆಂಗಳೂರಿಗೆ ಗುಳೆ ಹೋದವರು ಹಬ್ಬಕ್ಕೆಂದು ಊರಿಗೆ ಮರಳುತ್ತಾರೆ. ಮಕ್ಕಳ ಕೈಗೆ ಹಿರಿಯರ ಮೊಬೈಲು ಸಿಗುತ್ತದೆ; ಅದರ ಪರದೆಯ ಮೇಲೆ ಕ್ರಿಸ್ಮಸ್ ಕಾರ್ಟೂನುಗಳು ಓಡತೊಡಗುತ್ತವೆ. ಆ ಕಾರ್ಟೂನುಗಳ ಗುಂಪಿನಲ್ಲಿ ಒಂದು ಕಥೆ ಮಾತ್ರ ಬೇರೆ ಬೇರೆ ವೇಷ ತೊಟ್ಟು ಮತ್ತೆ ಮತ್ತೆ ಎದುರಾಗುತ್ತದೆ. ಜಿಪುಣನಾದ ಒಬ್ಬ ಮುದುಕ, ಕ್ರಿಸ್ಮಸ್ ಹಿಂದಿನ ರಾತ್ರಿ ಅವನ ಬಳಿಗೆ ಬರುವ ಮೂರು ಆತ್ಮಗಳು, ಬೆಳಗಾಗುವಷ್ಟರಲ್ಲಿ ಬೇರೆಯೇ ಆದ ಮನುಷ್ಯ. ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ 'ಎ ಕ್ರಿಸ್ಮಸ್ ಕ್ಯಾರಲ್' ಎಂಬ ಕಿರುಕಾದಂಬರಿಯೇ ಇವೆಲ್ಲಕ್ಕೂ ಮೂಲ.

ಇಂಥ ಚಿತ್ರಗಳನ್ನು ನಾವು ಸಾಮಾನ್ಯವಾಗಿ ಬಣ್ಣಕ್ಕಾಗಿ, ಹಾಡಿಗಾಗಿ, ಕೊನೆಯಲ್ಲಿ ಬರುವ ಕಣ್ಣೀರಿಗಾಗಿ ಮೆಚ್ಚುತ್ತೇವೆ. ಇಲ್ಲಿ ನಾನು ನೋಡಬಯಸುವುದು ಅವುಗಳ ಕಟ್ಟಡವನ್ನು. ನಮ್ಮ ಭಾಗದ ಹಳೆಯ ಮಾಳಿಗೆ ಮನೆಯ ಗೋಡೆಗೆ ಹೊಸ ಸುಣ್ಣ ಬಳಿಯಬಹುದು, ಬಾಗಿಲನ್ನು ಬೇರೆ ದಿಕ್ಕಿಗೆ ಇಡಬಹುದು, ಪಡಸಾಲೆಯನ್ನು ಹಿಗ್ಗಿಸಬಹುದು. ಆದರೆ ತೊಲೆಯನ್ನೋ ಕಂಬವನ್ನೋ ಕಿತ್ತರೆ ಮಾಳಿಗೆ ಕುಸಿಯುತ್ತದೆ. ಕಥೆಯನ್ನು ಮರಳಿ ಹೇಳುವವನಿಗೂ ಇದೇ ನಿಯಮ. ಹಾಗಾದರೆ ಈ ಕಥೆಯ ತೊಲೆ ಯಾವುದು? ಕಾರ್ಟೂನು ಮಾಡಿದವರು ಅದನ್ನು ಉಳಿಸಿಕೊಂಡರೇ, ಕಿತ್ತರೇ?

ಈ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳಿಗಷ್ಟೇ ಸೇರಿದ್ದೆಂದು ತಿಳಿಯಬೇಡಿ. ಮನಪರಿವರ್ತನೆ ಎಂದರೇನು ಎಂಬುದರ ಮೊದಲ ಚಿತ್ರವನ್ನು ನಮ್ಮ ಮಕ್ಕಳು ಎಷ್ಟೋ ವೇಳೆ ಧರ್ಮೋಪದೇಶದ ತರಗತಿಗೆ ಬರುವ ಮೊದಲೇ ಇಂಥ ಪರದೆಯಿಂದ ಪಡೆದಿರುತ್ತಾರೆ. ಆ ಮೊದಲ ಚಿತ್ರ ಸೊಟ್ಟಗಾದರೆ ಅದನ್ನು ನೆಟ್ಟಗೆ ಮಾಡುವುದು ಸುಲಭವಲ್ಲ.

ಐದು ಚರಣಗಳು, ಐದು ಸಂಧಿಗಳು

ಡಿಕನ್ಸ್ ತನ್ನ ಕೃತಿಯ ಅಧ್ಯಾಯಗಳನ್ನು ಅಧ್ಯಾಯಗಳೆಂದು ಕರೆಯಲಿಲ್ಲ. ಪುಸ್ತಕದ ಹೆಸರೇ ಹಾಡು ಎಂದಾದ ಮೇಲೆ ಭಾಗಗಳನ್ನು ಹಾಡಿನ ಚರಣಗಳೆಂದು ಕರೆದ. ಅಂಥ ಚರಣಗಳು ಐದು. ಮೊದಲನೆಯದರಲ್ಲಿ ಸ್ಕ್ರೂಜ್ ಎಂಬ ಲೇವಾದೇವಿಗಾರನ ಪರಿಚಯ ಮತ್ತು ಏಳು ವರ್ಷಗಳ ಹಿಂದೆ ಸತ್ತ ಅವನ ಪಾಲುದಾರ ಮಾರ್ಲಿಯ ಪ್ರೇತದ ಆಗಮನ. ಎರಡನೆಯದರಲ್ಲಿ ಭೂತಕಾಲದ ಕ್ರಿಸ್ಮಸ್ಸಿನ ಆತ್ಮ, ಮೂರನೆಯದರಲ್ಲಿ ವರ್ತಮಾನದ್ದು, ನಾಲ್ಕನೆಯದರಲ್ಲಿ ಬರಲಿರುವ ಕ್ರಿಸ್ಮಸ್ಸಿನದು. ಐದನೆಯದರಲ್ಲಿ ಬೆಳಗು.

ನಮ್ಮ ನಾಟ್ಯಶಾಸ್ತ್ರದ ಪರಂಪರೆ ನಾಟಕದ ಕಥಾವಸ್ತುವನ್ನು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಾಗಿ ವಿಂಗಡಿಸುತ್ತದೆ. ಮುಖದಲ್ಲಿ ಬೀಜ ಬಿತ್ತಲ್ಪಡುತ್ತದೆ. ಪ್ರತಿಮುಖದಲ್ಲಿ ಅದು ಮೊಳೆತು ಕಂಡೂ ಕಾಣದಂತಿರುತ್ತದೆ. ಗರ್ಭದಲ್ಲಿ ಬಲಿಯುತ್ತದೆ. ವಿಮರ್ಶದಲ್ಲಿ ವಿಘ್ನ, ಸಂಶಯ, ಸಂಕಟಗಳು ಅದನ್ನು ಅಲುಗಿಸುತ್ತವೆ. ನಿರ್ವಹಣದಲ್ಲಿ ಚದುರಿದ ಎಳೆಗಳೆಲ್ಲ ಒಂದೆಡೆ ಸೇರಿ ಫಲ ದೊರೆಯುತ್ತದೆ. ಡಿಕನ್ಸ್ ಭರತಮುನಿಯನ್ನು ಓದಿದವನೆಂದು ನಾನು ಹೇಳುತ್ತಿಲ್ಲ. ಆದರೆ ಐದು ಚರಣಗಳನ್ನು ಈ ಐದು ಸಂಧಿಗಳ ಪಕ್ಕದಲ್ಲಿಟ್ಟು ನೋಡಿದರೆ ಕಥೆಯ ಗಟ್ಟಿತನದ ಗುಟ್ಟು ನಮಗೆ ಬೇಗ ತಿಳಿಯುತ್ತದೆ. ಬಿತ್ತದೆ ಬೆಳೆ ತೆಗೆಯುವ ಆತುರ ಇಲ್ಲಿಲ್ಲ.

ಮೊದಲ ಚರಣದಲ್ಲಿ ಬಿತ್ತಿದ ಬೀಜ ಯಾವುದೆಂದು ಗಮನಿಸಿ. ಅದು ನಿರಾಕರಣೆಗಳ ಸಾಲು. ಸೋದರಳಿಯ ಫ್ರೆಡ್ ಹಬ್ಬದೂಟಕ್ಕೆ ಕರೆಯುತ್ತಾನೆ, ಸ್ಕ್ರೂಜ್ ಒಲ್ಲೆನೆನ್ನುತ್ತಾನೆ. ಬಡವರಿಗಾಗಿ ಚಂದಾ ಎತ್ತಲು ಇಬ್ಬರು ಮಹನೀಯರು ಬರುತ್ತಾರೆ. ಅವರನ್ನು ಬರಿಗೈಯಲ್ಲಿ ಕಳುಹಿಸುತ್ತಾನೆ. ಬಾಗಿಲಲ್ಲಿ ಕ್ಯಾರಲ್ ಹಾಡಲು ನಿಂತ ಹುಡುಗನನ್ನು ಬೆದರಿಸಿ ಓಡಿಸುತ್ತಾನೆ. ವಾರಕ್ಕೆ 15 ಶಿಲಿಂಗ್ ಸಂಬಳದ ಗುಮಾಸ್ತ ಬಾಬ್ ಕ್ರಾಚಿಟನಿಗೆ ಚಳಿ ಕಾಯಿಸಿಕೊಳ್ಳಲು ಇನ್ನೊಂದು ತುಂಡು ಕಲ್ಲಿದ್ದಲನ್ನೂ ಕೊಡನು. ವರ್ಷಕ್ಕೊಂದು ದಿನದ ರಜೆಯನ್ನು ಗೊಣಗುತ್ತಾ ಕೊಡುತ್ತಾನೆ. ಐದನೆಯ ಚರಣವನ್ನು ಇದರ ಎದುರಿಗಿಡಿ. ಚಂದಾ ಕೇಳಿದ ಮಹನೀಯರಲ್ಲೊಬ್ಬರನ್ನು ರಸ್ತೆಯಲ್ಲಿ ತಾನೇ ತಡೆದು ನಿಲ್ಲಿಸಿ ಕೊಡುತ್ತಾನೆ. ಫ್ರೆಡ್‌ನ ಮನೆಯ ಊಟಕ್ಕೆ ತಾನೇ ಹೋಗುತ್ತಾನೆ. ಬೀದಿಯ ಹುಡುಗನೊಬ್ಬನನ್ನು ಕರೆದು, ಕೈತುಂಬ ಕೂಲಿ ಕೊಟ್ಟು, ಕ್ರಾಚಿಟ್ ಮನೆಗೆ ದೊಡ್ಡ ಟರ್ಕಿ ಕೋಳಿ ತರಿಸುತ್ತಾನೆ. ಗುಮಾಸ್ತನ ಸಂಬಳ ಹೆಚ್ಚಿಸಿ, ಕೆಲಸಕ್ಕೆ ಕೂರುವ ಮೊದಲು ಕಲ್ಲಿದ್ದಲು ತರಿಸಿಕೋ ಎನ್ನುತ್ತಾನೆ. ಎಲ್ಲಿ ಯಾರಿಗೆ ಇಲ್ಲವೆಂದನೋ ಅಲ್ಲಿಗೇ ಹೋಗಿ ಹೌದೆನ್ನುವುದು ಈ ಕಥೆಯ ನಿರ್ವಹಣ. ಪಾಪನಿವೇದನೆಯ ಸಂಸ್ಕಾರದಲ್ಲಿ ನಾವು ಪರಿಹಾರ ಎನ್ನುವುದು ಇದಕ್ಕೇ. ಕದ್ದದ್ದನ್ನು ಹಿಂದಿರುಗಿಸದೆ ಬರಿದೇ ಅತ್ತರೆ ಪಶ್ಚಾತ್ತಾಪ ಪೂರ್ಣವಾಗುವುದಿಲ್ಲ. ಲೂಕನ ಶುಭಸಂದೇಶದ ಜಕ್ಕಾಯನೂ ಮರದಿಂದಿಳಿದ ಮೇಲೆ ಮಾತಾಡಿದ್ದು ಲೆಕ್ಕದ ಭಾಷೆಯಲ್ಲೇ.

ಲಾಜರನ ಸಾಮತಿಗೆ ಮತ್ತೊಂದು ಬಾಗಿಲು

ಮಾರ್ಲಿಯ ಪ್ರೇತ ಬರುವ ದೃಶ್ಯ ಎಲ್ಲ ಕಾರ್ಟೂನುಗಳಲ್ಲೂ ಇರುತ್ತದೆ. ಹಣದ ಪೆಟ್ಟಿಗೆ, ಬೀಗ, ಲೆಕ್ಕದ ಪುಸ್ತಕಗಳನ್ನು ಕಟ್ಟಿದ ಸರಪಳಿಯನ್ನು ಎಳೆದುಕೊಂಡು ಬರುವ ಅವನನ್ನು ಕಂಡು ಮಕ್ಕಳು ಒಮ್ಮೆ ಹೆದರಿ ಒಮ್ಮೆ ನಗುತ್ತಾರೆ. ಆದರೆ ಕಥಾಸಂವಿಧಾನದಲ್ಲಿ ಅವನ ಸ್ಥಾನ ಬಹು ದೊಡ್ಡದು.

ಲೂಕನ ಶುಭಸಂದೇಶದ 16ನೆಯ ಅಧ್ಯಾಯದ ಧನವಂತ ಮತ್ತು ಲಾಜರನ ಸಾಮತಿಯನ್ನು ನೆನಪಿಗೆ ತಂದುಕೊಳ್ಳಿ. ಸತ್ತು ಯಾತನೆಯಲ್ಲಿರುವ ಧನವಂತ, ತನ್ನ ಐವರು ಸಹೋದರರನ್ನು ಎಚ್ಚರಿಸಲು ಲಾಜರನನ್ನು ಕಳುಹಿಸಬೇಕೆಂದು ಅಬ್ರಹಾಮನಲ್ಲಿ ಬೇಡುತ್ತಾನೆ. ಆ ಬೇಡಿಕೆ ನೆರವೇರುವುದಿಲ್ಲ. ಮೋಶೆಗೂ ಪ್ರವಾದಿಗಳಿಗೂ ಕಿವಿಗೊಡದವರು ಸತ್ತವನು ಎದ್ದುಬಂದರೂ ನಂಬುವುದಿಲ್ಲವೆಂಬುದು ಅಬ್ರಹಾಮನ ಉತ್ತರ. ಡಿಕನ್ಸನ ಕಥೆ ಈ ಮುಚ್ಚಿದ ಬಾಗಿಲಿನಿಂದಲೇ ಹೊರಡುತ್ತದೆ. ಇಲ್ಲಿ ಸತ್ತ ಧನವಂತನಿಗೇ ಹೋಗಿ ಎಚ್ಚರಿಸಲು ಅಪ್ಪಣೆ ಸಿಕ್ಕಿದೆ. ಆದರೆ ಅಬ್ರಹಾಮನ ಮಾತೂ ಸುಳ್ಳಾಗುವುದಿಲ್ಲ; ಏಕೆಂದರೆ ಮಾರ್ಲಿಯನ್ನು ಕಣ್ಣಾರೆ ಕಂಡರೂ ಸ್ಕ್ರೂಜ್ ಬದಲಾಗುವುದಿಲ್ಲ. ಅಜೀರ್ಣದಿಂದ ಬಿದ್ದ ಕನಸೆಂದು ಪ್ರೇತವನ್ನು ಗೇಲಿ ಮಾಡುತ್ತಾನೆ, ಅದು ಅರಚಿದಾಗ ನಡುಗುತ್ತಾನೆ, ಅದು ಹೋದ ಮೇಲೆ ಮಲಗಿ ನಿದ್ರಿಸುತ್ತಾನೆ. ಭಯ ಅವನನ್ನು ಮುಟ್ಟಿದೆ, ತಿದ್ದಿಲ್ಲ. ಆದುದರಿಂದಲೇ ಇನ್ನೂ ಮೂರು ಚರಣಗಳು ಬೇಕಾಗುತ್ತವೆ. ಭಯವೊಂದೇ ಸಾಕಾಗಿದ್ದರೆ ಕಥೆ ಮೊದಲ ಚರಣದಲ್ಲೇ ಮುಗಿಯಬೇಕಿತ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಐದು ಚಿತ್ರಗಳ ಕಡೆಗೆ ಹೊರಳೋಣ.

ಕ್ರಮ ಬದಲಿಸಿದ ಚಿತ್ರ

1962ರ ಡಿಸೆಂಬರ್‌ನಲ್ಲಿ ಅಮೆರಿಕದ ದೂರದರ್ಶನದಲ್ಲಿ 'ಮಿಸ್ಟರ್ ಮಗೂಸ್ ಕ್ರಿಸ್ಮಸ್ ಕ್ಯಾರಲ್' ಪ್ರಸಾರವಾಯಿತು. ದೂರದರ್ಶನಕ್ಕೆಂದೇ ಮಾಡಿದ ಕ್ರಿಸ್ಮಸ್ ಅನಿಮೇಷನ್ ಚಿತ್ರಗಳ ಪರಂಪರೆ ಇದರಿಂದಲೇ ಮೊದಲಾಯಿತು. ದೃಷ್ಟಿ ಮಂದವಾದ ಮಗೂ ಎಂಬ ಕಾರ್ಟೂನ್ ಮುದುಕ ನಾಟಕದ ರಂಗದ ಮೇಲೆ ಸ್ಕ್ರೂಜ್ ಪಾತ್ರ ವಹಿಸುತ್ತಾನೆ. ಚಿತ್ರದ ಹಾಡುಗಳು ಸೊಗಸಾಗಿವೆ. ಆದರೆ ಕಥಾಸಂವಿಧಾನದಲ್ಲಿ ಎರಡು ದೊಡ್ಡ ಬದಲಾವಣೆಗಳಿವೆ. ಸೋದರಳಿಯ ಫ್ರೆಡ್ ಇಲ್ಲವೇ ಇಲ್ಲ. ಆತ್ಮಗಳ ಸರದಿಯೂ ಬೇರೆ: ವರ್ತಮಾನದ ಆತ್ಮ ಮೊದಲು ಬರುತ್ತದೆ, ಭೂತಕಾಲದ್ದು ಆಮೇಲೆ.

ಮೂರೂ ಬಂದ ಮೇಲೆ ಯಾವುದು ಮೊದಲಾದರೇನು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಎರಡನೆಯ ಚರಣದ ಒಂದು ಚಿಕ್ಕ ಘಟನೆಯಲ್ಲಿದೆ. ರಜೆಗೆ ಎಲ್ಲ ಹುಡುಗರೂ ಮನೆಗೆ ಹೋದ ಮೇಲೆ ಖಾಲಿ ಶಾಲೆಯಲ್ಲಿ ಒಬ್ಬನೇ ಉಳಿದ ಬಾಲಕನನ್ನು ಆತ್ಮ ಸ್ಕ್ರೂಜ್‌ಗೆ ತೋರಿಸುತ್ತದೆ. ಆ ಬಾಲಕ ತಾನೇ. ಅವನನ್ನು ಕಂಡು ಅತ್ತ ಸ್ಕ್ರೂಜ್ ಕಣ್ಣೊರೆಸಿಕೊಳ್ಳುತ್ತಾ, ನಿನ್ನೆ ಸಂಜೆ ತನ್ನ ಬಾಗಿಲಿಗೆ ಹಾಡಲು ಬಂದಿದ್ದ ಹುಡುಗನಿಗೆ ಏನಾದರೂ ಕೊಡಬೇಕಿತ್ತೆಂದು ಹಳಹಳಿಸುತ್ತಾನೆ. ಇಡೀ ಕೃತಿಯ ಮೊದಲ ಒಳ್ಳೆಯ ಬಯಕೆ ಇದು. ತನ್ನೊಳಗಿನ ಒಂಟಿ ಮಗುವನ್ನು ಕಂಡವನಿಗೆ ಮಾತ್ರ ಹೊರಗಿನ ಒಂಟಿ ಮಗು ಕಾಣಿಸಿತು. ಮೂರನೆಯ ಚರಣದಲ್ಲಿ ಊರುಗೋಲು ಹಿಡಿದ ಪುಟ್ಟ ಟಿಮ್ ಬದುಕುವನೇ ಎಂದು ಅವನು ಕೇಳಲು ಸಾಧ್ಯವಾದದ್ದು ಈ ಕಣ್ಣೀರಿನಿಂದ ನೆಲ ಹದವಾಗಿದ್ದುದರಿಂದಲೇ. ಮಗೂ ಚಿತ್ರದಲ್ಲಿ ಟಿಮ್ ಮೊದಲು ಬಂದುಬಿಡುತ್ತಾನೆ. ಅಲ್ಲಿ ಹುಟ್ಟುವ ಕನಿಕರಕ್ಕೆ ಬೇರಿಲ್ಲ. ಮುದುಕನ ಹೃದಯ ಏಕೆ ಕರಗಿತೆಂಬುದಕ್ಕೆ ಹಾಡಿನ ಮಾಧುರ್ಯವಲ್ಲದೆ ಬೇರೆ ಕಾರಣ ಸಿಗುವುದಿಲ್ಲ.

ಸಂತ ಅಗಸ್ಟೀನರು ತಮ್ಮ 'ಕನ್ಫೆಷನ್ಸ್' ಕೃತಿಯ 11ನೆಯ ಸಂಪುಟದಲ್ಲಿ ಕಾಲವನ್ನು ಕುರಿತು ಚಿಂತಿಸುತ್ತಾ, ಭೂತವೆಂಬುದು ನೆನಪಾಗಿ, ವರ್ತಮಾನವು ಗಮನವಾಗಿ, ಭವಿಷ್ಯವು ನಿರೀಕ್ಷೆಯಾಗಿ ಆತ್ಮದಲ್ಲೇ ನೆಲೆಸಿವೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಸ್ಕ್ರೂಜ್‌ನ ಮೂವರು ಅತಿಥಿಗಳು ಈ ಮೂರು ಶಕ್ತಿಗಳೇ. ಮೊದಲು ನೆನಪು, ಆಮೇಲೆ ಗಮನ, ಕೊನೆಗೆ ಮುಂದಿನದರ ಅರಿವು. ಆತ್ಮಶೋಧನೆಗೆ ಕೂತವರು ಯಾರಾದರೂ ಈ ಕ್ರಮವನ್ನು ಬಲ್ಲರು.

ಕತ್ತರಿಸಿದ ಚಿತ್ರ

ನಮ್ಮ ಮಕ್ಕಳು ಹೆಚ್ಚಾಗಿ ನೋಡುವುದು ಡಿಸ್ನಿ ಸಂಸ್ಥೆಯ 1983ರ 'ಮಿಕ್ಕೀಸ್ ಕ್ರಿಸ್ಮಸ್ ಕ್ಯಾರಲ್'. ಬರ್ನಿ ಮ್ಯಾಟಿನ್‌ಸನ್ ನಿರ್ದೇಶಿಸಿದ ಇದು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸ್ಕ್ರೂಜ್ ಮ್ಯಾಕ್‌ಡಕ್ ಎಂಬ ಬಾತುಕೋಳಿ ಜಿಪುಣನಾಗಿ, ಮಿಕ್ಕಿ ಮೌಸ್ ಗುಮಾಸ್ತನಾಗಿ, ಡೊನಾಲ್ಡ್ ಡಕ್ ಸೋದರಳಿಯನಾಗಿ, ಗೂಫಿ ಮಾರ್ಲಿಯಾಗಿ ಬರುತ್ತಾರೆ.

ಈ ಚಿತ್ರದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ನಿರಾಕರಣೆ ಮತ್ತು ಪರಿಹಾರಗಳ ಚೌಕಟ್ಟನ್ನು ಇದು ಬಿಟ್ಟಿಲ್ಲ. ಆರಂಭದಲ್ಲಿ ಸೋದರಳಿಯನೂ ಚಂದಾ ಕೇಳುವವರೂ ಬರುತ್ತಾರೆ; ಕೊನೆಯಲ್ಲಿ ಅದೇ ಬೀದಿಯಲ್ಲಿ ಅವರೆಲ್ಲರಿಗೂ ಸಲ್ಲಬೇಕಾದದ್ದು ಸಲ್ಲುತ್ತದೆ. ಟಿಮ್‌ನ ಸಮಾಧಿಯ ಮೇಲೆ ತಂದೆ ಮಿಕ್ಕಿ ಆ ಪುಟ್ಟ ಊರುಗೋಲನ್ನು ಮಾತಿಲ್ಲದೆ ಇಡುವ ದೃಶ್ಯ, ಕಾರ್ಟೂನು ಎಂದು ಹಗುರವಾಗಿ ಕಾಣುವವರ ಬಾಯಿಯನ್ನೂ ಕಟ್ಟಿಸುತ್ತದೆ.

ಆದರೆ ನಡುವಿನ ತೊಲೆ ಕಾಣೆಯಾಗಿದೆ. ಮೂಲದಲ್ಲಿ ಚಂದಾ ಕೇಳಿದವರಿಗೆ ಸ್ಕ್ರೂಜ್ ಕೊಡುವ ಉತ್ತರ ಕ್ರೂರವಾದುದು. ಬಡವರಿಗಾಗಿ ಜೈಲುಗಳಿಲ್ಲವೇ, ದುಡಿಮೆಮನೆಗಳಿಲ್ಲವೇ ಎಂದು ಕೇಳುತ್ತಾನೆ. ಅಲ್ಲಿಗೆ ಹೋಗುವುದಕ್ಕಿಂತ ಸಾವೇ ಮೇಲೆಂದು ಎಷ್ಟೋ ಜನ ಭಾವಿಸುತ್ತಾರೆಂದಾಗ, ಸತ್ತರೆ ಹೆಚ್ಚುವರಿ ಜನಸಂಖ್ಯೆ ಕಡಿಮೆಯಾದೀತೆನ್ನುತ್ತಾನೆ. ಇದು ಒಬ್ಬ ಜಿಪುಣನ ಗೊಣಗಾಟವಾಗಿರಲಿಲ್ಲ. ಬ್ರಿಟನ್ನಿನಲ್ಲಿ 1834ರ ಬಡವರ ಕಾನೂನಿನ ಹಿಂದೆ, ಮಾಲ್ತಸನ ಜನಸಂಖ್ಯಾವಾದದ ಬೆನ್ನಿಗೆ ನಿಂತಿದ್ದ ಗಣ್ಯರ ಅಭಿಪ್ರಾಯವೇ ಆಗಿತ್ತು. ಡಿಕನ್ಸ್ ಇದನ್ನು ಪುಸ್ತಕದಿಂದಷ್ಟೇ ಅರಿತವನಲ್ಲ. 1824ರಲ್ಲಿ ಅವನ ತಂದೆ ಸಾಲಕ್ಕಾಗಿ ಜೈಲು ಸೇರಿದಾಗ, 12 ವರ್ಷದ ಹುಡುಗ ಬೂಟಿನ ಕಪ್ಪುಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ದುಡಿದಿದ್ದ.

ಈಗ ಕಥೆಯ ಚತುರತೆ ನೋಡಿ. ಮೂರನೆಯ ಚರಣದಲ್ಲಿ ಟಿಮ್ ಬದುಕುವನೇ ಎಂದು ಸ್ಕ್ರೂಜ್ ಕಳಕಳಿಯಿಂದ ಕೇಳಿದಾಗ, ಆತ್ಮವು ಅವನದೇ ಆ ಮಾತನ್ನು ಅವನ ಮುಖಕ್ಕೆ ಮರಳಿಸುತ್ತದೆ. ಸತ್ತರೇನಂತೆ, ಹೆಚ್ಚುವರಿ ಜನಸಂಖ್ಯೆ ಕಡಿಮೆಯಾಗಲಿ ಎಂಬ ಅರ್ಥದಲ್ಲಿ. ಸ್ಕ್ರೂಜ್ ತಲೆ ತಗ್ಗಿಸುತ್ತಾನೆ. ಅಂಕಿಯಾಗಿದ್ದ 'ಹೆಚ್ಚುವರಿ'ಗೆ ಈಗ ಮುಖವಿದೆ, ಹೆಸರಿದೆ, ಒಲೆಯ ಬಳಿ ಒಂದು ಪುಟ್ಟ ಆಸನವಿದೆ. ಅದೇ ಚರಣದ ಕೊನೆಯಲ್ಲಿ ಆತ್ಮ ತನ್ನ ನಿಲುವಂಗಿಯ ಮರೆಯಿಂದ ಅಜ್ಞಾನ ಮತ್ತು ಕೊರತೆ ಎಂಬ ಹೆಸರಿನ ಬಡಕಲು ಮಕ್ಕಳಿಬ್ಬರನ್ನು ಹೊರತೆಗೆದು ತೋರಿಸುತ್ತದೆ. ಅವರಿಗೆ ಆಶ್ರಯವಿಲ್ಲವೇ ಎಂದು ಸ್ಕ್ರೂಜ್ ಕೇಳಿದರೆ, ಜೈಲುಗಳಿಲ್ಲವೇ ಎಂಬ ಅವನ ಮಾತು ಎರಡನೆಯ ಬಾರಿ ಮರಳುತ್ತದೆ. ಈ ಕಥೆಯ ನಿಜವಾದ ತಿರುವು ಇಲ್ಲಿದೆ. ಗೋರಿ ಬರುವುದು ಆಮೇಲೆ.

ಮಿಕ್ಕಿಯ ಚಿತ್ರದಲ್ಲಿ ಚಂದಾ ಪ್ರಸಂಗ ಮಾತಿನ ಚಮತ್ಕಾರವಾಗಿ ಮಾರ್ಪಟ್ಟಿದೆ: ಬಡವರಿಗೆ ಹಣ ಕೊಟ್ಟರೆ ಬಡವರೇ ಇರುವುದಿಲ್ಲ, ಆಗ ಚಂದಾ ಎತ್ತುವ ನಿಮಗೆ ಕೆಲಸವಿರುವುದಿಲ್ಲ ಎಂಬ ಕುತರ್ಕ. ನಗು ಬರುತ್ತದೆ, ನಿಜ. ಆದರೆ ಮರಳಿ ಬರಬೇಕಾದ ಮಾತನ್ನೇ ಆಡಿಸದ ಕಾರಣ ಮರಳಿ ಬರಲು ಏನೂ ಉಳಿಯುವುದಿಲ್ಲ. ಅಜ್ಞಾನ, ಕೊರತೆ ಎಂಬ ಮಕ್ಕಳೂ ಇಲ್ಲ. ಹೀಗಾಗಿ ಟಿಮ್‌ನ ಕಾಯಿಲೆ ಒಂದು ಮನೆಯ ದುರದೃಷ್ಟವಾಗಿ ಉಳಿಯುತ್ತದೆ. 15 ಶಿಲಿಂಗಿನ ಸಂಬಳಕ್ಕೂ ಆ ಊರುಗೋಲಿಗೂ ಇರುವ ನಂಟು ಮಗುವಿಗೆ ಹೊಳೆಯುವುದಿಲ್ಲ. ಬಡತನವನ್ನು ಕಂಡು ಅಳಬೇಕೆಂದು ಆ ಮಗು ಕಲಿಯುತ್ತದೆ. ಅದು ಎಲ್ಲಿಂದ ಬಂತೆಂದು ಕೇಳಲು ಕಲಿಯುವುದಿಲ್ಲ.

ಕಡಿತಗೊಂಡ ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ನಾಲ್ಕನೆಯ ಚರಣದಲ್ಲಿ ಸ್ಕ್ರೂಜ್ ಆ ಸತ್ತವನ ಸಾವಿಗೆ ಯಾರಾದರೂ ಮನಸ್ಸಿನಲ್ಲಿ ಏನಾದರೂ ಅನುಭವಿಸಿದರೇ ಎಂದು ಕೇಳುತ್ತಾನೆ. ಆತ್ಮ ತೋರಿಸುವುದು ಸಾಲಗಾರ ದಂಪತಿಗಳನ್ನು. ಸಾಲ ಕೊಟ್ಟವನು ಸತ್ತನೆಂದು ತಿಳಿದು ಆ ಮನೆ ಆ ರಾತ್ರಿ ನಿರಾಳವಾಗಿ ಉಸಿರಾಡುತ್ತದೆ. ಹಾಗೆ ಸಂತೋಷಪಟ್ಟದ್ದಕ್ಕೆ ಆ ಹೆಂಗಸು ತಕ್ಷಣ ಕೈಮುಗಿದು ಕ್ಷಮೆ ಬೇಡುತ್ತಾಳೆ. ನಮ್ಮ ಜಿಲ್ಲೆಯ ಓದುಗರಿಗೆ ಈ ದೃಶ್ಯವನ್ನು ವಿವರಿಸಬೇಕಿಲ್ಲ. ಸಣ್ಣ ಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. 1843ರ ಲಂಡನ್ನಿನ ಆ ದಂಪತಿಗಳು ನಮ್ಮ ಓಣಿಯವರೇ.

ಸೇರಿಸಿದ ಚಿತ್ರ

ರಾಬರ್ಟ್ ಝೆಮೆಕಿಸ್ ನಿರ್ದೇಶನದ 2009ರ 'ಎ ಕ್ರಿಸ್ಮಸ್ ಕ್ಯಾರಲ್' ಇದಕ್ಕೆ ವಿರುದ್ಧವಾದ ಉದಾಹರಣೆ. ನಟರ ಚಲನೆಯನ್ನು ಕಂಪ್ಯೂಟರಿಗೆ ಇಳಿಸಿ ಮಾಡಿದ ಈ ಚಿತ್ರದಲ್ಲಿ ಜಿಮ್ ಕ್ಯಾರಿ ಸ್ಕ್ರೂಜ್‌ನ ಪಾತ್ರವನ್ನೂ ಮೂರು ಆತ್ಮಗಳ ಪಾತ್ರಗಳನ್ನೂ ತಾನೇ ನಿರ್ವಹಿಸಿದ್ದಾನೆ. ಇದರಲ್ಲಿ ಮೂಲದ ಮಾತುಗಳು ಬಹುಮಟ್ಟಿಗೆ ಉಳಿದಿವೆ. ಅಜ್ಞಾನ ಮತ್ತು ಕೊರತೆ ಎಂಬ ಮಕ್ಕಳಿದ್ದಾರೆ. ಸ್ಕ್ರೂಜ್‌ನ ಮಾತು ಅವನಿಗೇ ಮರಳುತ್ತದೆ. ಒಬ್ಬನೇ ನಟ ಮುದುಕನೂ ಆತ್ಮಗಳೂ ಆಗಿರುವುದು ಕೂಡ ಅರ್ಥಪೂರ್ಣ. ಮನುಷ್ಯನನ್ನು ಅವನ ಅಂತಸ್ಸಾಕ್ಷಿಯೇ ವಿಚಾರಿಸುತ್ತದೆ ಎಂದಂತಾಗುತ್ತದೆ.

ತೊಂದರೆ ಇರುವುದು ಸೇರ್ಪಡೆಗಳಲ್ಲಿ. ಭೂತಕಾಲದ ಆತ್ಮವನ್ನು ಆರಿಸಲು ಹೋದ ಸ್ಕ್ರೂಜ್ ಬಾಣದಂತೆ ಆಕಾಶಕ್ಕೆ ಚಿಮ್ಮುತ್ತಾನೆ. ನಾಲ್ಕನೆಯ ಭಾಗದಲ್ಲಿ ಕಪ್ಪು ಕುದುರೆಗಳನ್ನು ಕಟ್ಟಿದ ಶವದ ಗಾಡಿ ಅವನನ್ನು ಲಂಡನ್ ಬೀದಿಗಳಲ್ಲಿ ಅಟ್ಟಿಸಿಕೊಂಡು ಬರುತ್ತದೆ. ಅವನು ಇಲಿಯಷ್ಟು ಕುಗ್ಗಿ ಚರಂಡಿ ಕೊಳವೆಗಳಲ್ಲಿ ಜಾರುತ್ತಾನೆ. ಮೂಲದಲ್ಲಿ ಮೂರನೆಯ ಆತ್ಮ ಒಂದೂ ಮಾತಾಡುವುದಿಲ್ಲ, ಓಡುವುದಿಲ್ಲ, ಬೆನ್ನಟ್ಟುವುದಿಲ್ಲ. ಕೈಯೆತ್ತಿ ತೋರಿಸುತ್ತದೆ, ಅಷ್ಟೇ. ಅದು ಮೌನವಾಗಿರುವುದರಿಂದ ಪ್ರಶ್ನೆಗಳನ್ನು ಸ್ಕ್ರೂಜ್ ತಾನೇ ಕೇಳಬೇಕಾಗುತ್ತದೆ. ಸತ್ತವನ ಪರದೆ ಬಟ್ಟೆಗಳನ್ನು ಕದ್ದು ಮಾರುವವರನ್ನು ನೋಡುತ್ತಾನೆ, ಹೊದಿಕೆಯಡಿಯ ಶವವನ್ನು ನೋಡುತ್ತಾನೆ, ಆ ಹೊದಿಕೆ ಸರಿಸುವ ಧೈರ್ಯವಾಗುವುದಿಲ್ಲ. ಸತ್ತವನು ಯಾರೆಂದು ಓದುಗನಿಗೆ ಆಗಲೇ ಗೊತ್ತು, ಅವನಿಗೆ ಮಾತ್ರ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಒಪ್ಪಲಾರ. ಈ ತಡವೇ ವಿಮರ್ಶ ಸಂಧಿಯ ಜೀವ. ಓಟದ ದೃಶ್ಯ ಈ ತಡವನ್ನು ನುಂಗಿಹಾಕುತ್ತದೆ. ಓಡುವವನಿಗೆ ಯೋಚಿಸಲು ಪುರುಸೊತ್ತಿಲ್ಲ, ನೋಡುವ ಮಗುವಿಗೂ ಇಲ್ಲ.

ಗೋರಿಯ ವಿಷಯವೂ ಹೀಗೇ. ಡಿಕನ್ಸನಲ್ಲಿ ಸ್ಕ್ರೂಜ್ ಕಾಣುವುದು ಪಾಳುಬಿದ್ದ ಒಂದು ಕಲ್ಲು, ಅದರ ಮೇಲೆ ತನ್ನ ಹೆಸರು. ಮಿಕ್ಕಿಯ ಚಿತ್ರದಲ್ಲಿ ಅವನನ್ನು ಗೋರಿಯೊಳಗೆ ತಳ್ಳಲಾಗುತ್ತದೆ, ಕೆಳಗಿನ ಶವಪೆಟ್ಟಿಗೆಯಿಂದ ಬೆಂಕಿ ಏಳುತ್ತದೆ. 2009ರ ಚಿತ್ರದಲ್ಲೂ ಅವನು ತನ್ನ ಶವಪೆಟ್ಟಿಗೆಯ ಕಡೆಗೆ ಬೀಳುತ್ತಾನೆ. ನರಕದ ಸತ್ಯವನ್ನು ನಂಬುವ ನಮಗೆ ಬೆಂಕಿಯ ಚಿತ್ರ ಹೊಸದಲ್ಲ. ಆದರೆ ಮಾರ್ಲಿಯ ದೃಶ್ಯದಲ್ಲಿ ಕಥೆ ಏನು ಹೇಳಿತ್ತು? ಭಯ ಸಾಲದು ಎಂದು. ಕೊನೆಯಲ್ಲಿ ಭಯದಿಂದಲೇ ಬದಲಿಸಿದರೆ ಕಥೆ ತನ್ನ ಮೊದಲ ಚರಣವನ್ನು ತಾನೇ ಅಲ್ಲಗಳೆದಂತಾಗುತ್ತದೆ. ನರಕದ ಹೆದರಿಕೆಯಿಂದ ಹುಟ್ಟುವ ಅಪೂರ್ಣ ಪಶ್ಚಾತ್ತಾಪವನ್ನೂ ಪ್ರೀತಿಯಿಂದ ಹುಟ್ಟುವ ಪೂರ್ಣ ಪಶ್ಚಾತ್ತಾಪವನ್ನೂ ಧರ್ಮಸಭೆ ಬಹಳ ಹಿಂದೆಯೇ ಬೇರ್ಪಡಿಸಿ ಹೇಳಿದೆ. ಮೊದಲನೆಯದನ್ನು ಅದು ತಳ್ಳಿಹಾಕುವುದಿಲ್ಲ, ಅಲ್ಲಿಗೇ ನಿಲ್ಲಬೇಡ ಎನ್ನುತ್ತದೆ.

ಇನ್ನೊಂದು ಸೇರ್ಪಡೆ ನೋಡಲು ಮುದ್ದಾಗಿದೆ. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಸ್ಕ್ರೂಜ್: ಎ ಕ್ರಿಸ್ಮಸ್ ಕ್ಯಾರಲ್' ಎಂಬ ಹಾಡುಗಳ ಅನಿಮೇಷನ್ ಚಿತ್ರದಲ್ಲಿ ಸ್ಕ್ರೂಜ್‌ನ ಜೊತೆಗೆ ಪ್ರೂಡೆನ್ಸ್ ಎಂಬ ನಾಯಿ ಇರುತ್ತದೆ. ಮೂಲದ ಆರಂಭದಲ್ಲೂ ನಾಯಿಗಳ ಪ್ರಸ್ತಾಪವಿದೆ: ಕುರುಡರನ್ನು ನಡೆಸುವ ನಾಯಿಗಳು ಕೂಡ ಸ್ಕ್ರೂಜ್ ಬರುವುದನ್ನು ಕಂಡು ತಮ್ಮ ಒಡೆಯರನ್ನು ಬದಿಗೆ ಎಳೆದೊಯ್ಯುತ್ತಿದ್ದವು. ನಾಯಿಯೂ ದೂರ ಸರಿಯುವ ಮನುಷ್ಯನಿಗೂ ನಾಯಿ ಸಾಕಿದ ಮನುಷ್ಯನಿಗೂ ಎಷ್ಟು ಅಂತರ! ಸಾಕಿದ ಪ್ರಾಣಿ ಜೊತೆಗಿದ್ದ ಮೇಲೆ ಅವನ ಒಂಟಿತನ ಆಗಲೇ ಅರ್ಧ ಕರಗಿದೆ. ಕೃಪೆಗೆ ಉಳಿದ ಕೆಲಸವೂ ಅರ್ಧವೇ.

ಗಣಿಗಾರರ ಗುಡಿಸಲು

ಸಮಯ ಸಾಲದು, ಮಕ್ಕಳಿಗೆ ಇಷ್ಟೆಲ್ಲ ತಿಳಿಯದು ಎಂಬ ಸಮಾಧಾನವನ್ನು ಸುಳ್ಳು ಮಾಡುವ ಚಿತ್ರವೊಂದಿದೆ. ರಿಚರ್ಡ್ ವಿಲಿಯಮ್ಸ್ ನಿರ್ದೇಶಿಸಿದ 1971ರ 'ಎ ಕ್ರಿಸ್ಮಸ್ ಕ್ಯಾರಲ್' ಸುಮಾರು 25 ನಿಮಿಷಗಳದ್ದು. ಹಳೆಯ ಪುಸ್ತಕಗಳ ಕೆತ್ತನೆ ಚಿತ್ರಗಳಂತೆ ಬರೆದ ಇದಕ್ಕೆ ಅತ್ಯುತ್ತಮ ಅನಿಮೇಷನ್ ಕಿರುಚಿತ್ರದ ಆಸ್ಕರ್ ಪ್ರಶಸ್ತಿ ದೊರೆಯಿತು. ಮಿಕ್ಕಿಯ ಚಿತ್ರದಷ್ಟೇ ಕಾಲಾವಕಾಶದಲ್ಲಿ ಆತ್ಮಗಳ ಸರದಿ, ಅಜ್ಞಾನ ಮತ್ತು ಕೊರತೆ ಎಲ್ಲವನ್ನೂ ಉಳಿಸಿಕೊಂಡದ್ದಲ್ಲದೆ, ಬಹುತೇಕ ಎಲ್ಲರೂ ಬಿಟ್ಟುಬಿಡುವ ಒಂದು ಪಯಣವನ್ನೂ ಇದು ಉಳಿಸಿಕೊಂಡಿದೆ.

ಮೂರನೆಯ ಚರಣದಲ್ಲಿ ಆತ್ಮವು ಸ್ಕ್ರೂಜ್‌ನನ್ನು ಲಂಡನ್ನಿನಿಂದ ಹೊರಗೆ, ಕಲ್ಲುಬಂಡೆಗಳ ಬಂಜರು ಬಯಲಿಗೆ ಒಯ್ಯುತ್ತದೆ. ಅಲ್ಲಿ ಭೂಮಿಯ ಹೊಟ್ಟೆಯೊಳಗೆ ದುಡಿಯುವ ಗಣಿಗಾರರ ಗುಡಿಸಲಿನಲ್ಲಿ ಮುದುಕನೊಬ್ಬ ಮಕ್ಕಳು ಮೊಮ್ಮಕ್ಕಳೊಡನೆ ಕ್ರಿಸ್ಮಸ್ ಹಾಡು ಹಾಡುತ್ತಿರುತ್ತಾನೆ. ಅಲ್ಲಿಂದ ದೀಪಸ್ತಂಭ ಕಾಯುವವರ ಬಳಿಗೆ, ಅಲ್ಲಿಂದ ನಡುಗಡಲ ಹಡಗಿನವರ ಬಳಿಗೆ. ಕಥೆಯ ಘಟನಾವಳಿಗೆ ಇದರಿಂದ ಏನೂ ಸೇರುವುದಿಲ್ಲ. ಅದಕ್ಕೇ ಕತ್ತರಿಗೆ ಮೊದಲು ಸಿಗುವುದು ಇದು. ಆದರೆ ಅದರ ಕೆಲಸ ಬೇರೆ. ಇಲ್ಲಿಯವರೆಗೆ ಸ್ಕ್ರೂಜ್ ಕಂಡವರೆಲ್ಲ ತನ್ನವರು: ತನ್ನ ತಂಗಿ, ತನ್ನ ಗುಮಾಸ್ತ. ಗಣಿಗಾರರು ಅವನಿಗೆ ಯಾರೂ ಅಲ್ಲ. ಸಂಬಂಧವಿಲ್ಲದವರ ಬೆಳಕನ್ನೂ ನೋಡಲು ಕಲಿತ ಮೇಲೆಯೇ ಅಜ್ಞಾನ, ಕೊರತೆ ಎಂಬ ಯಾರದೋ ಮಕ್ಕಳು ಅವನೆದುರು ನಿಲ್ಲುತ್ತಾರೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಜನ ಚಿನ್ನಕ್ಕಾಗಿ ನೆಲದಾಳಕ್ಕೆ ಇಳಿಯುತ್ತಾರೆ. ಅಂಥ ಸೀಮೆಯಲ್ಲಿ ಈ ಕಥೆ ಹೇಳುವಾಗಲಾದರೂ ಗಣಿಗಾರರ ಗುಡಿಸಲನ್ನು ಬಿಡಬಾರದು. ಪಾಳಿ ಮುಗಿಸಿ ಮೇಲೆ ಬರುವ ತಂದೆಗಾಗಿ ಕಾಯುವ ಮಗುವಿಗೆ, ತನ್ನಂಥ ಮನೆಯೊಂದು ಈ ಪ್ರಸಿದ್ಧ ಕಥೆಯೊಳಗೂ ಇದೆ ಎಂದು ತಿಳಿಯಲಿ.

ಕಿಳ್ಳೇಕ್ಯಾತನ ವಿವೇಕ

ಹಾಗಾದರೆ ಮೂಲವನ್ನು ಕೂದಲೆಳೆಯಷ್ಟೂ ಅಲುಗಿಸಬಾರದೇ? ಹಾಗೆಂದರೆ ಜೀವಂತ ಕಥೆ ಕಲ್ಲಾದೀತು. ಡಿಕನ್ಸನೇ 1853ರಿಂದ ಈ ಕೃತಿಯನ್ನು ಸಾರ್ವಜನಿಕರೆದುರು ಓದತೊಡಗಿದಾಗ ತನ್ನ ಪ್ರತಿಯನ್ನು ತಾನೇ ಮೊಟಕುಗೊಳಿಸಿಕೊಂಡಿದ್ದ.

ಮರುಕಥನದ ಮರ್ಯಾದೆಯನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಪರದೆ, ದೀಪ, ಚಲಿಸುವ ಬಣ್ಣದ ಆಕೃತಿ: ಇಡೀ ಕುಟುಂಬ ಒಟ್ಟಿಗೆ ಕುಳಿತು ನೋಡುವ ಅನಿಮೇಷನ್ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ತೊಗಲುಗೊಂಬೆಯಾಟದಲ್ಲಿ ರಾಮಾಯಣದ ನಡುವೆ ಕಿಳ್ಳೇಕ್ಯಾತ ನುಗ್ಗುತ್ತಾನೆ, ಬಂಗಾರಕ್ಕನೊಡನೆ ಜಗಳವಾಡುತ್ತಾನೆ, ಊರ ಸುದ್ದಿ ಎತ್ತಿ ನಗಿಸುತ್ತಾನೆ. ಆದರೆ ಕಥೆಯ ಗಂಟು ಬಿಚ್ಚುವ ಗಳಿಗೆಯಲ್ಲಿ ಅವನು ಪರದೆಯಿಂದ ಸರಿದಿರುತ್ತಾನೆ. ಸೀತೆಯ ಅಳಲನ್ನು ನಗೆಯಿಂದ ಮುಚ್ಚುವುದಿಲ್ಲ, ರಾವಣನನ್ನು ತಾನು ಕೊಲ್ಲುವುದಿಲ್ಲ. ಎಲ್ಲಿ ಸೇರಬೇಕು, ಎಲ್ಲಿ ಹೊರಗಿರಬೇಕು ಎಂಬ ವಿವೇಕ ಅವನಿಗಿದೆ. ನಾಯಿಯನ್ನೋ ಓಟದ ದೃಶ್ಯವನ್ನೋ ಸೇರಿಸುವ ಚಿತ್ರಕಾರರಿಗೆ ಬೇಕಾದದ್ದು ಈ ವಿವೇಕವೇ.

ಮಸ್ಕಿಯ ಬಂಡೆ ಹೇಳುವುದು

ಪ್ರಿಯ ವಾಚಕರೇ, ಮನಸ್ಸು ತಿರುಗಿದ ಮನುಷ್ಯನ ಕಥೆಗೆ ನಮ್ಮ ನೆಲದಲ್ಲೇ ಒಂದು ಸಾಕ್ಷಿಯಿದೆ. 1915ರಲ್ಲಿ ಮಸ್ಕಿಯಲ್ಲಿ ಪತ್ತೆಯಾದ ಶಿಲಾಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದರಿಂದ, ದೇವಾನಾಂಪ್ರಿಯನೆಂಬ ಬಿರುದಿನ ಅರಸ ಅವನೇ ಎಂಬುದು ದೃಢವಾಯಿತು. ಕಳಿಂಗ ಯುದ್ಧದ ಬಗ್ಗೆ ಅವನ ವ್ಯಥೆ ಕೆತ್ತಲ್ಪಟ್ಟಿರುವುದು ಬೇರೆ ಬಂಡೆಗಳ ಮೇಲೆ. ಮಸ್ಕಿಯ ಬಂಡೆ ಹೇಳುವುದು ಅನಂತರದ ಪ್ರಯತ್ನವನ್ನು: ಉಪಾಸಕನಾಗಿ ಎರಡೂವರೆ ವರ್ಷ ಕಳೆದದ್ದನ್ನು, ಶ್ರಮಿಸಿದರೆ ಹಿರಿಯನಂತೆ ಕಿರಿಯನೂ ಆ ಎತ್ತರವನ್ನು ಮುಟ್ಟಬಲ್ಲನೆಂಬುದನ್ನು. ಡಿಕನ್ಸನೂ ಕೊನೆಯ ಪುಟದಲ್ಲಿ ಇದನ್ನೇ ಮಾಡುತ್ತಾನೆ. ಒಂದು ರಾತ್ರಿಯ ಕಣ್ಣೀರಿಗೆ ಕಥೆಯನ್ನು ಮುಗಿಸದೆ, ಸ್ಕ್ರೂಜ್ ಆಮೇಲೆ ಹೇಗೆ ಬದುಕಿದನೆಂದು ಹೇಳಿ ಮುಗಿಸುತ್ತಾನೆ. ಟಿಮ್ ಸಾಯಲಿಲ್ಲ, ಏಕೆಂದರೆ ಒಬ್ಬ ಯಜಮಾನ ಸಂಬಳ ಹೆಚ್ಚಿಸಿದ, ಒಂದು ಮಗುವಿಗೆ ಎರಡನೆಯ ತಂದೆಯಂತಾದ.

ಈ ಕ್ರಿಸ್ಮಸ್‌ಗೆ ನಿಮ್ಮ ಮನೆಯ ಮಕ್ಕಳು ಇವುಗಳಲ್ಲಿ ಯಾವ ಚಿತ್ರವನ್ನೇ ನೋಡಲಿ, ಬೇಡವೆನ್ನಬೇಡಿ. ಪಕ್ಕದಲ್ಲಿ ಕುಳಿತು ನೀವೂ ನೋಡಿ. ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ. ಮುದುಕನಿಗೆ ಮೊದಲು ಅಳು ಬಂದದ್ದು ಯಾರನ್ನು ಕಂಡು? ಅವನು ಆಡಿದ ಯಾವ ಮಾತು ಅವನಿಗೇ ಮರಳಿ ಬಂತು? ಬೆಳಗಾದ ಮೇಲೆ ಯಾರ ಯಾರ ಬಾಗಿಲಿಗೆ ಹೋದ? ಚಿತ್ರದಲ್ಲಿ ಉತ್ತರವಿದ್ದರೆ ಮಕ್ಕಳು ತಾವೇ ಹೇಳುತ್ತಾರೆ. ಇಲ್ಲದಿದ್ದರೆ ಚಿತ್ರ ಬಿಟ್ಟದ್ದನ್ನು ನೀವು ಹೇಳಿ. ಕಥೆ ಹೇಳುವ ಹಕ್ಕು ಇನ್ನೂ ನಮ್ಮ ಕೈಯಲ್ಲೇ ಇದೆ. ಹಾಗೆ ಹೇಳುವಾಗ, ಗದ್ದೆಯಲ್ಲಿ ಕೊಯ್ಲು ಮಾಡಿದವರ ಕೂಲಿ ಹಬ್ಬಕ್ಕೆ ಮುಂಚೆ ಅವರ ಕೈಸೇರಿತೇ ಎಂದು ಯಾವುದಾದರೂ ಮಗು ನಿಮ್ಮನ್ನೇ ತಿರುಗಿ ಕೇಳಿದರೆ, ಡಿಕನ್ಸನ ಕಥೆ ಆ ಮನೆಯಲ್ಲಿ ಸರಿಯಾಗಿ ಹೇಳಲ್ಪಟ್ಟಿದೆ ಎಂದು ತಿಳಿಯಿರಿ.